ಪತ್ರಿ, ಪುಷ್ಪ, ಪ್ರಸಾದ: ಹೂವು ಕೊಡುವುದರ ಅರ್ಥ



ಜಲ, ಗಂಧ, ಅಕ್ಷತೆ, ಪುಷ್ಪ, ಧೂಪ, ದೀಪ, ನೈವೇದ್ಯ, ತಾಂಬೂಲ ಇವು ಅಷ್ಟವಿಧಾರ್ಚನೆಯ ಎಂಟು ಅಂಗಗಳು. ಮೊದಲ ಮೂರನ್ನು ಹಿಂದಿನ ಪಾಠಗಳಲ್ಲಿ ನೋಡಿದ್ದೇವೆ. ಈ ಸಂಚಿಕೆಗೆ ನಾಲ್ಕನೆಯದಾದ ಪುಷ್ಪವನ್ನು ಎತ್ತಿಕೊಂಡಿದ್ದೇವೆ. ಉಳಿದವುಗಳಿಗಿಂತ ಇದನ್ನು ಕೊಂಚ ದೀರ್ಘವಾಗಿ ಬರೆಯಬೇಕಾಗಿ ಬಂದಿದೆ. ಧೂಪವಾಗಲಿ ದೀಪವಾಗಲಿ ಪೂಜೆಯ ಜಗುಲಿಯ ಮೇಲೆಯೇ ಮುಗಿಯುತ್ತದೆ. ಹೂವು ಅಲ್ಲಿಂದ ಹೊರಬಂದು ಊರೆಲ್ಲ ತಿರುಗುತ್ತದೆ. ಲಗ್ನ ಗೊತ್ತಾದರೆ ಹೂವು, ಬಸುರಿಗೆ ಕುಬಸ ಮಾಡಿದರೆ ಹೂವು, ದೊಡ್ಡವರು ಊರಿಗೆ ಬಂದರೆ ಹಾರ, ಲಿಂಗೈಕ್ಯರಾದರೆ ವಿಮಾನದ ತುಂಬ ಹೂವು. ಆದ್ದರಿಂದ ಲಿಂಗಕ್ಕೆ ಏರಿಸುವ ಹೂವು ಮತ್ತು ಮನುಷ್ಯರಿಗೆ ಕೊಡುವ ಹೂವು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ವಿಚಾರ ಮಾಡೋಣ.

ಮೊದಲು ಪತ್ರಿಯ ಮಾತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಸೀಮೆ ಮಳೆಗೆ ಬಡವಾದ ಸೀಮೆ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವಾಗ ಹೂದೋಟಕ್ಕೆ ನೀರು ಎಲ್ಲಿಯದು? ಆದರೂ ಇಲ್ಲಿಯ ಭಕ್ತರ ಪೂಜೆ ಒಂದು ದಿನವೂ ನಿಂತಿಲ್ಲ. ಪತ್ರಿ ಇದ್ದರೆ ಪುಷ್ಪ ಇದ್ದಂತೆ ಎಂದು ಹಿರಿಯರು ನಡೆಸಿಕೊಂಡು ಬಂದಿದ್ದಾರೆ. ಬಿಲ್ವದ ಒಂದು ತೊಟ್ಟಿಗೆ ಮೂರು ದಳ. ಅದನ್ನು ಶಿವನ ಮೂರು ಕಣ್ಣಿಗೆ ಹೋಲಿಸುವವರಿದ್ದಾರೆ. ನಮ್ಮಲ್ಲಿ ಇಷ್ಟಲಿಂಗ, ಪ್ರಾಣಲಿಂಗ, ಭಾವಲಿಂಗಗಳ ಕುರುಹೆಂದು ಅರ್ಥ ಹೇಳುವುದುಂಟು. ಕಣ್ಣಿಗೆ ಮೂರಾಗಿ ಕಂಡರೂ ತೊಟ್ಟು ಒಂದೇ ಎಂಬುದು ಅದರ ತಾತ್ಪರ್ಯ. ಇತರ ಹೂವುಗಳಂತೆ ಬಿಲ್ವಕ್ಕೆ ಹಳಸಲು ಎಂಬ ದೋಷವಿಲ್ಲ. ಗಿಡ ದೂರವಿದ್ದ ಊರಿನವರು ಏರಿಸಿದ ಪತ್ರಿಯನ್ನೇ ತೊಳೆದು ಮತ್ತೆ ಏರಿಸಬಹುದೆಂಬ ರೂಢಿಯೂ ಇದೆ. ಬಡವನ ಪೂಜೆ ನಿಲ್ಲಬಾರದೆಂಬ ಕಾಳಜಿ ಆ ರೂಢಿಯಲ್ಲಿ ಕಾಣುತ್ತದೆ.

ಹೂವಿನಲ್ಲಿಯೂ ಶಿವನಿಗೆ ಪ್ರಿಯವೆಂದು ಹೇಳುವವು ಬಹುತೇಕ ಕಾಸು ಕೊಟ್ಟು ತರುವಂಥವಲ್ಲ. ತುಂಬೆ ಹೊಲದ ಬದುವಿನಲ್ಲಿ ತಾನೇ ಹುಟ್ಟುತ್ತದೆ. ಎಕ್ಕೆ ಹಾಳು ಜಾಗದಲ್ಲಿ ಬೆಳೆಯುತ್ತದೆ, ದನ ಸಹ ಮುಟ್ಟುವುದಿಲ್ಲ. ಉಮ್ಮತ್ತಿ ವಿಷದ ಗಿಡ. ಕಣಗಿಲೆಯೂ ಹಾಗೆಯೇ. ಯಾರಿಗೂ ಬೇಡವಾದದ್ದನ್ನು ಶಿವ ತಲೆಯ ಮೇಲೆ ಇಟ್ಟುಕೊಂಡ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಇದಕ್ಕೆ ಎದುರಾಗಿ ಕೇದಿಗೆಯ ಕಥೆಯಿದೆ. ಬ್ರಹ್ಮನು ಲಿಂಗದ ತುದಿ ಕಂಡೆನೆಂದು ಸುಳ್ಳು ಹೇಳಿದಾಗ ಕೇದಿಗೆ ಸಾಕ್ಷಿ ನುಡಿಯಿತು, ಅದಕ್ಕೆ ಪೂಜೆಯಿಂದ ಹೊರಗಾಯಿತು ಎಂದು ಪುರಾಣ ಹೇಳುತ್ತದೆ. ಈ ಕಥೆಯನ್ನು ಗಿಡದ ಮೇಲಿನ ಕೋಪವೆಂದು ತಿಳಿಯಬಾರದು. ಸುಳ್ಳು ಸಾಕ್ಷಿಯ ಪರಿಮಳ ಎಷ್ಟಿದ್ದರೂ ದೇವರ ಹತ್ತಿರ ನಡೆಯುವುದಿಲ್ಲ ಎಂದು ಕೋರ್ಟು-ಕಚೇರಿ ತಿರುಗುವ ಭಕ್ತರಿಗೆ ಬೇರೆ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳು ಮಾತ್ರ ಕೇದಿಗೆಯ ಜಡೆ ಹಾಕಿಕೊಳ್ಳುವುದನ್ನು ಎಂದೂ ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ.

ಮಲ್ಲಿಗೆಯ ಹೆಸರು ನಮ್ಮ ಜನರ ಬಾಯಲ್ಲಿ ದಿನವೂ ಇದೆ. ಯುಗಾದಿಯ ಮುಂಚೆ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದು ಹೋಗುವ ನಮ್ಮವರು ಮಲ್ಲಯ್ಯನ ಹೆಸರು ಹೇಳುತ್ತಲೇ ದಾರಿ ಸವೆಸುತ್ತಾರೆ. ಚಂದ್ರಾವತಿ ಎಂಬ ರಾಜಕುಮಾರಿ ನಿತ್ಯ ಮಲ್ಲಿಗೆಯ ಮಾಲೆಯಿಂದ ಲಿಂಗವನ್ನು ಪೂಜಿಸಿದಳು, ಅದರಿಂದ ಮಲ್ಲಿಕಾರ್ಜುನನೆಂಬ ಹೆಸರು ಬಂತು ಎಂದು ಅಲ್ಲಿಯ ಸ್ಥಳಪುರಾಣ. ಅಕ್ಕಮಹಾದೇವಿಯ ವಚನಗಳ ಅಂಕಿತ ಚೆನ್ನಮಲ್ಲಿಕಾರ್ಜುನ. ಕಲ್ಯಾಣದ ಶರಣರಲ್ಲಿ ಹೂವು-ಪತ್ರಿ ಒದಗಿಸುವುದನ್ನೇ ಕಾಯಕ ಮಾಡಿಕೊಂಡ ಹೂಗಾರ ಮಾದಯ್ಯನವರೂ ಇದ್ದರು. ಹೂವು ಕಟ್ಟುವುದು ಕೀಳು ಕೆಲಸವೆಂದು ತಿಳಿದು ಹೂಗಾರರ ಮನೆಯವರನ್ನು ಲಗ್ನದ ಪಂಕ್ತಿಯಲ್ಲಿ ಕೊನೆಗೆ ಕೂಡಿಸುವವರು ಈ ಹೆಸರನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಇಲ್ಲಿ ಒಂದು ವಿಷಯ ಹೇಳಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ದಸರೆ-ದೀಪಾವಳಿಗೆ ನಾವು ಗಾಡಿಗಟ್ಟಲೆ ತರುವ ಚೆಂಡು ಹೂವು ಬಸವಣ್ಣನವರ ಕಾಲದಲ್ಲಿ ನಮ್ಮ ದೇಶದಲ್ಲಿ ಇರಲೇ ಇಲ್ಲ. ಅದರ ಮೂಲ ಅಮೆರಿಕ ಖಂಡದ ಮೆಕ್ಸಿಕೊ ಕಡೆಯದು. ಪೋರ್ಚುಗೀಸರು ಸಮುದ್ರ ದಾಟಿ ಬಂದ ಮೇಲೆ ಇತ್ತ ಬಂದದ್ದು. ಮರಾಠಿಯವರು ನಿಶಿಗಂಧ ಎನ್ನುವ, ನಾವು ಸುಗಂಧರಾಜ ಎನ್ನುವ ಹೂವೂ ಅದೇ ಮೆಕ್ಸಿಕೊದ್ದು. ಶೇವಂತಿಯ ಮೂಲ ಚೀನಾ. ಗುಲಾಬಿ ಎಂಬ ಹೆಸರು ಫಾರಸಿಯಿಂದ ಬಂದದ್ದು. ಇಂದು ಪೂಜ್ಯರ ಕೊರಳಿಗೆ ಹಾಕುವ ಹಾರದಲ್ಲಿ ಹನ್ನೆರಡನೆಯ ಶತಮಾನದ ಹೂವನ್ನು ಹುಡುಕಿದರೆ ಕಷ್ಟವೇ. ಆದರೂ ಯಾವ ಮಠದಲ್ಲಿಯೂ ಯಾವ ಗುಡಿಯಲ್ಲಿಯೂ ಚೆಂಡು ಹೂವನ್ನು ಪರದೇಶದ್ದೆಂದು ಹೊರಗೆ ಹಾಕಲಿಲ್ಲ. ಬಂದ ಹೂವನ್ನೆಲ್ಲ ನಮ್ಮದೆಂದು ತೆಗೆದುಕೊಂಡೆವು. ರೂಢಿ ಎಂಬುದು ಹಿಂದಿನಿಂದ ಹಾಗೆಯೇ ಬಂದದ್ದು, ಬದಲಾಯಿಸಲು ಬಾರದು ಎನ್ನುವವರಿಗೆ ಈ ಚೆಂಡು ಹೂವೇ ಉತ್ತರ ಕೊಡುತ್ತದೆ.

ಇನ್ನು ಒಳಗಿನ ಹೂವು. ಶೈವ ಸಂಪ್ರದಾಯದಲ್ಲಿ ಎಂಟು ಭಾವಪುಷ್ಪಗಳನ್ನು ಹೇಳಿದ್ದಾರೆ. ಅಹಿಂಸೆ, ಇಂದ್ರಿಯನಿಗ್ರಹ, ಸರ್ವಭೂತದಯೆ, ಕ್ಷಮೆ, ಶಾಂತಿ, ತಪಸ್ಸು, ಧ್ಯಾನ, ಸತ್ಯ. ಕೆಲವರು ಶಾಂತಿಯ ಜಾಗದಲ್ಲಿ ಜ್ಞಾನವನ್ನು ಹೇಳುತ್ತಾರೆ. ಹೊರಗಿನ ಹೂವು ಬಾಡುತ್ತದೆ, ಇವು ಬಾಡುವುದಿಲ್ಲ ಎಂದು ಪ್ರವಚನದಲ್ಲಿ ಕೇಳಿದ್ದೇವೆ. ಎಂಟನ್ನೂ ವಿವರಿಸುತ್ತ ಹೋದರೆ ಈ ಪತ್ರಿಕೆಯ ಪುಟ ಸಾಲದು. ನಮ್ಮ ಓದುಗರಲ್ಲಿ ಹೆಚ್ಚಿನವರು ಒಕ್ಕಲುತನದವರು ಮತ್ತು ಅಂಗಡಿಯವರು. ಅವರ ಕಸುಬಿಗೆ ಹತ್ತಿರವಾದ ಎರಡನ್ನು ಮಾತ್ರ ಹೇಳುತ್ತೇವೆ.

ಸರ್ವಭೂತದಯೆ ಎಂಬ ಹೂವು ಎತ್ತಿನ ಹೆಗಲಿನ ಮೇಲೆ ಅರಳಬೇಕು. ಕಾರಹುಣ್ಣಿಮೆಯ ದಿನ ಕೋಡಿಗೆ ಬಣ್ಣ ಬಳಿದು ಹೂವಿನ ದಂಡೆ ಕಟ್ಟಿ ಮರುದಿನ ಬಾರುಕೋಲಿನಿಂದ ಹೊಡೆದರೆ ಹಿಂದಿನ ದಿನ ಕೊಟ್ಟ ಹೂವು ಲೆಕ್ಕಕ್ಕೆ ಸೇರುವುದಿಲ್ಲ. ಸತ್ಯವೆಂಬ ಹೂವು ತಕ್ಕಡಿಯಲ್ಲಿ ಅರಳಬೇಕು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಕಿರ್ದಿ-ಖಾತೆಯ ಪುಸ್ತಕಕ್ಕೆ ಹೂವು ಏರಿಸುತ್ತೇವೆ. ಪುಸ್ತಕಕ್ಕೆ ಹೂವು ಏರಿಸುವುದೆಂದರೆ ಇದರಲ್ಲಿ ಬರೆದ ಲೆಕ್ಕ ದೇವರ ಎದುರಿಗೆ ತೆರೆದಿಡುವಂಥದು ಎಂದು ಮಾತು ಕೊಟ್ಟಂತೆ. ಎರಡು ಖಾತೆ ಬರೆದವರು ಯಾವುದಕ್ಕೆ ಹೂವು ಏರಿಸುತ್ತಾರೋ ಅವರೇ ಬಲ್ಲರು.

ಈಗ ಪಾಠದ ಮುಖ್ಯ ಭಾಗಕ್ಕೆ ಬರೋಣ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು ಏರಿಸಿದ ಹೂವು ಪೂಜೆ ಮುಗಿದ ಮೇಲೆ ಏನಾಗುತ್ತದೆ? ಅದನ್ನು ತೆಗೆದು ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಹೆಣ್ಣುಮಕ್ಕಳು ಮುಡಿಯುತ್ತಾರೆ, ಗಂಡಸರು ಕಿವಿಯ ಮೇಲೆ ಇಟ್ಟುಕೊಳ್ಳುತ್ತಾರೆ. ಕೊಟ್ಟದ್ದು ಹೂವು, ತಿರುಗಿ ಬಂದದ್ದು ಪ್ರಸಾದ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣದಲ್ಲಿ ಪ್ರಸಾದಕ್ಕೆ ಸ್ವತಂತ್ರ ಸ್ಥಾನವಿದೆ. ಪ್ರಸಾದವಾದ ವಸ್ತುವಿನಲ್ಲಿ ಇದು ಇಂಥವರಿಗೆ ಸಲ್ಲುತ್ತದೆ, ಇಂಥವರಿಗೆ ಸಲ್ಲುವುದಿಲ್ಲ ಎಂಬ ಭೇದ ಮಾಡಲು ಬರುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಇದನ್ನು ಎಲ್ಲರೂ ಒಪ್ಪುತ್ತೇವೆ. ಹುಗ್ಗಿ ಬಡಿಸುವವನು ಯಾರ ತಟ್ಟೆಯನ್ನೂ ದಾಟಿ ಹೋಗುವುದಿಲ್ಲ.

ಮನುಷ್ಯರಿಗೆ ಕೊಡುವ ಹೂವಿನ ಅರ್ಥಗಳೆಲ್ಲ ಇಲ್ಲಿಂದಲೇ ಹುಟ್ಟಿವೆ ಎಂದು ನಮಗೆ ತೋರುತ್ತದೆ. ಹೆಣ್ಣು ಗೊತ್ತು ಮಾಡಿದಾಗ ಗಂಡಿನ ಕಡೆಯ ಹಿರಿಯ ಮುತ್ತೈದೆ ಹುಡುಗಿಗೆ ಹೂವು ಮುಡಿಸುತ್ತಾಳೆ. ಕಾಗದವಿಲ್ಲ, ಸಹಿಯಿಲ್ಲ, ಆದರೂ ಮುಡಿಸಿದ ಮೇಲೆ ಮಾತು ತಪ್ಪಿದವರಿಗೆ ಊರಲ್ಲಿ ಮುಖವಿಲ್ಲ. ಅಡತಿ ಅಂಗಡಿಯಲ್ಲಿ ಮುಂಗಡ ಕೊಟ್ಟು ವ್ಯವಹಾರ ಗಟ್ಟಿ ಮಾಡಿಕೊಂಡಂತೆ, ಆದರೆ ಈ ಮುಂಗಡ ತಿರುಗಿ ಕೇಳುವಂಥದಲ್ಲ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅಡಿಕೆ, ಎಲೆ, ಕುಬಸದ ಕಣದ ಜೊತೆ ಹೂವು ಇರಲೇಬೇಕು. ಅಕ್ಕಿ ಹೊಟ್ಟೆಗೆ, ಬಟ್ಟೆ ಮೈಗೆ. ಹೂವು ಯಾವುದಕ್ಕೂ ಅಲ್ಲ. ನೀನು ನಮಗೆ ಬೇಕಾದವಳು ಎಂದು ಹೇಳುವುದಕ್ಕೆ. ವಿಜಯದಶಮಿಯ ದಿನ ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತೇವೆ. ಮಹಾರಾಷ್ಟ್ರದ ಜನ ಆಪಟಾದ ಎಲೆಯನ್ನು ಸೋನೆ ಎಂದು ಕೊಡುತ್ತಾರೆ. ನಮ್ಮ ಗಡಿಯ ಊರುಗಳಲ್ಲಿ ಒಂದೇ ಓಣಿಯಲ್ಲಿ ಎರಡೂ ಎಲೆ ಕೈ ಬದಲಾಗುತ್ತವೆ, ಎರಡಕ್ಕೂ ಬಂಗಾರದ ಬೆಲೆ ಒಂದೇ. ವರ್ಷವಿಡೀ ಬದುವಿನ ಜಗಳದಲ್ಲಿ ಮಾತು ಬಿಟ್ಟವರು ಅಂದು ಬನ್ನಿ ಕೊಟ್ಟು ಕಾಲು ಮುಟ್ಟಿದರೆ ಮಾತು ಹತ್ತುತ್ತದೆ. ದಾವೆ ಹೂಡುವುದಕ್ಕಿಂತ ಇದು ಅಗ್ಗ.

ಹಾರದ ವಿಷಯ ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಸತ್ಕಾರ ಸಮಾರಂಭವೆಂದರೆ ಶಾಲು, ಹಾರ, ತುರಾಯಿ ಎಂದಾಗಿದೆ. ಕೊರಳಿಗೆ ಬಿದ್ದ ಹಾರ ಅರೆಕ್ಷಣವೂ ನಿಲ್ಲದೆ ಮೇಜಿನ ಕೆಳಗೆ ಹೋಗುತ್ತದೆ. ಕೆಲವು ಕಡೆ ಕ್ರೇನಿನಿಂದ ಹಾರ ಎತ್ತುವುದು, ಜೆಸಿಬಿ ಯಂತ್ರದಿಂದ ಹೂವು ಸುರಿಯುವುದು ಶುರುವಾಗಿದೆ. ಮಣ್ಣು ತೋಡುವ ಬಕೀಟಿನಿಂದ ಸುರಿದ ಹೂವಿಗೆ ಕೊಟ್ಟವರ ಕೈಯ ಸ್ಪರ್ಶವೆಲ್ಲಿ? ಚೆಂಡು ಹೂವು ಬೆಳೆದ ರೈತನಿಗೆ ನಾಲ್ಕು ಕಾಸು ಸಿಗುತ್ತದೆ ಎಂಬ ಮಾತಿಗೆ ನಮ್ಮ ವಿರೋಧವಿಲ್ಲ. ಶ್ರೀಮಠಕ್ಕೆ ಬರುವ ಭಕ್ತರು ಮಾತ್ರ ಒಂದು ಹಿಡಿ ಪತ್ರಿ ತಂದರೆ ಸಾಕು, ಹಾರದ ಹಣವನ್ನು ದಾಸೋಹದ ಪೆಟ್ಟಿಗೆಗೆ ಹಾಕಿದರೆ ಇನ್ನೂ ಒಳ್ಳೆಯದು.

ಹೂವು ಎಲ್ಲಿ ಹೋಗುತ್ತದೆ ಎಂದು ಇಷ್ಟು ಹೊತ್ತು ನೋಡಿದೆವು. ಅದು ಎಲ್ಲಿ ಹೋಗದೆ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು.

ಲಗ್ನದ ಮನೆಯಲ್ಲಿ ಹೂವು-ಕುಂಕುಮದ ತಟ್ಟೆ ಹಿಡಿದು ಬಂದ ಹುಡುಗಿ ಸಾಲಾಗಿ ಎಲ್ಲರಿಗೂ ಕೊಡುತ್ತ ಬರುತ್ತಾಳೆ. ಒಬ್ಬರ ಮುಂದೆ ಬಂದಾಗ ತಟ್ಟೆ ಅನುಮಾನಿಸುತ್ತದೆ, ಆಮೇಲೆ ಅವರನ್ನು ದಾಟಿ ಮುಂದಿನವರ ಕಡೆಗೆ ಹೋಗುತ್ತದೆ. ದಾಟಿಸಿಕೊಂಡವಳು ಗಂಡನನ್ನು ಕಳೆದುಕೊಂಡವಳು. ಅವಳು ಆ ಮನೆಯ ಹಿರಿಯ ಸೊಸೆ ಇರಬಹುದು, ಮದುಮಗನ ತಾಯಿಯೇ ಇರಬಹುದು. ಗಂಡ ಹೋದ ಮೇಲೆ ಎತ್ತು ಮಾರದೆ ಹೊಲ ಉಳಿಸಿದವಳು, ಸೊಸೈಟಿಯ ಸಾಲ ಕಟ್ಟಿದವಳು, ಮಗನನ್ನು ಓದಿಸಿ ಈ ಲಗ್ನದವರೆಗೆ ತಂದವಳು. ಮಗನ ತಲೆಯ ಮೇಲೆ ಅಕ್ಷತೆ ಬೀಳುವಾಗ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಾಳೆ. ಇಂಥ ತಾಯಂದಿರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಓದುಗರು ತಮ್ಮ ಮನೆಯ ಲಗ್ನಗಳನ್ನು ನೆನಪಿಸಿಕೊಂಡರೆ ಸಾಕು.

ಕೆಲವು ಕಡೆ ಗಂಡ ತೀರಿಕೊಂಡ ದಿನ ಹೆಂಡತಿಗೆ ಕೊನೆಯ ಸಲ ಹೂವು ಮುಡಿಸಿ, ಬಳೆ ತೊಡಿಸಿ, ಆಮೇಲೆ ಎಲ್ಲವನ್ನೂ ತೆಗೆಯುವ ಪದ್ಧತಿಯಿದೆ. ಲಿಂಗೈಕ್ಯನಾದವನ ವಿಮಾನಕ್ಕೆ ಹೂವಿನ ರಾಶಿ, ಸಮಾಧಿಯ ಕುಣಿಯೊಳಗೆ ವಿಭೂತಿ, ಪತ್ರಿ. ಮನೆಯಲ್ಲಿ ಉಳಿದವಳಿಗೆ ಒಂದು ಎಸಳೂ ಇಲ್ಲ.

ಇದು ನಮ್ಮ ಧರ್ಮದ ಪದ್ಧತಿಯೇ ಎಂದು ಕೇಳಿದರೆ ಅಲ್ಲ ಎಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಶರಣರು ಐದು ಸೂತಕಗಳನ್ನು ತೆಗೆದುಹಾಕಿದರು. ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ. ಲಿಂಗ ಧರಿಸಿದವರಿಗೆ ಈ ಐದೂ ಇಲ್ಲ. ಮರಣದ ಸೂತಕ ಮೂರು ದಿನವೂ ಇಲ್ಲವೆಂದ ಮೇಲೆ ಒಬ್ಬ ಹೆಣ್ಣುಮಗಳ ಮೇಲೆ ಅದೇ ಸೂತಕವನ್ನು ಜೀವಮಾನವಿಡೀ ಹೊರಿಸುವುದು ಯಾವ ಲೆಕ್ಕ? ಜಮೆಯಲ್ಲಿ ಸೊನ್ನೆಯಿದ್ದು ಖರ್ಚಿನಲ್ಲಿ ಮಾತ್ರ ಬರೆದರೆ ಯಾವ ತಖ್ತೆಯೂ ಕೂಡುವುದಿಲ್ಲ.

ಇದಕ್ಕಿಂತ ದೊಡ್ಡ ಮಾತು ಶರಣಸತಿ-ಲಿಂಗಪತಿ ಎಂಬ ಭಾವ. ನಮ್ಮಲ್ಲಿ ಭಕ್ತನಾದವನು, ಗಂಡಸೇ ಇರಲಿ ಹೆಂಗಸೇ ಇರಲಿ, ಸತಿ. ಲಿಂಗವೊಂದೇ ಪತಿ. ಅಕ್ಕಮಹಾದೇವಿ ಈ ಭಾವವನ್ನು ಬಾಳಿ ತೋರಿಸಿದಳು. ಲಿಂಗಪತಿಗೆ ಸಾವಿಲ್ಲ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲವಷ್ಟೆ? ಹಾಗಿದ್ದ ಮೇಲೆ ಕೊರಳಲ್ಲಿ ಇಷ್ಟಲಿಂಗವಿರುವ ಹೆಣ್ಣುಮಗಳು ವಿಧವೆಯಾಗುವುದು ಹೇಗೆ? ಆಕೆ ಬೆಳಿಗ್ಗೆ ತನ್ನ ಅಂಗೈಯ ಲಿಂಗಕ್ಕೆ ಹೂವು ಏರಿಸುತ್ತಾಳೆ. ಅದನ್ನು ಯಾರೂ ತಡೆಯುವುದಿಲ್ಲ, ತಡೆಯಲೂ ಬಾರದು. ಆ ಹೂವು ಪ್ರಸಾದವಾಗಿ ತಿರುಗಿ ಬಂದಾಗ ಮುಡಿಯಬೇಡ ಎನ್ನಲು ನಾವು ಯಾರು? ಶಿವ ಎಕ್ಕೆಯನ್ನೂ ಉಮ್ಮತ್ತಿಯನ್ನೂ ತಲೆಯ ಮೇಲೆ ಇಟ್ಟುಕೊಂಡ ಮಾತನ್ನು ಮೇಲೆ ಹೇಳಿದ್ದು ಇದಕ್ಕಾಗಿಯೇ.

ನಮ್ಮ ನೆರೆಯಲ್ಲಿಯೇ ನಡೆದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸುತ್ತೇವೆ. ಕೊಲ್ಲಾಪುರ ಜಿಲ್ಲೆ ಶಿರೋಳ ತಾಲ್ಲೂಕಿನ ಹೇರವಾಡ ಗ್ರಾಮ ಪಂಚಾಯತಿ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ಮತ್ತು ಕಾಲುಂಗುರ ತೆಗೆಯುವುದು ಇನ್ನು ಮೇಲೆ ಈ ಊರಿನಲ್ಲಿ ಇಲ್ಲ ಎಂದು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಇತರ ಗ್ರಾಮ ಪಂಚಾಯತಿಗಳೂ ಇದನ್ನು ಮಾದರಿಯಾಗಿ ತೆಗೆದುಕೊಳ್ಳಬೇಕೆಂದು ಸುತ್ತೋಲೆ ಹೊರಡಿಸಿತು. ಹೇರವಾಡ ಕರ್ನಾಟಕದ ಗಡಿಗೆ ಹತ್ತಿದ ಸೀಮೆಯ ಊರು. ಒಂದು ಪಂಚಾಯತಿ ಠರಾವಿನಿಂದ ಮಾಡಿದ ಕೆಲಸವನ್ನು ಎಂಟು ನೂರು ವರ್ಷಗಳ ಹಿಂದೆಯೇ ಶರಣರಿಂದ ಪಾಠ ಕಲಿತ ನಾವು ಠರಾವಿಲ್ಲದೆ ಮಾಡಬೇಕಾಗಿತ್ತು.

ಸೊಲ್ಲಾಪುರದ ಸಂಕ್ರಾಂತಿಯ ಯಾತ್ರೆಯನ್ನು ನೋಡಿದವರಿಗೆ ಇನ್ನೊಂದು ಮಾತು. ಸಿದ್ಧರಾಮೇಶ್ವರರನ್ನು ವರಿಸಬೇಕೆಂದ ಕುಂಬಾರ ಕನ್ಯೆಗೆ ಅವರ ಯೋಗದಂಡದೊಡನೆ ಲಗ್ನವಾಯಿತೆಂಬ ನಂಬಿಕೆಯಂತೆ ಪ್ರತಿವರ್ಷ ಸಮ್ಮತಿ ಕಟ್ಟೆಯ ಹತ್ತಿರ ಏಳು ನಂದಿಧ್ವಜಗಳ ಎದುರು ಅಕ್ಷತೆ ಬೀಳುತ್ತದೆ. ಲಕ್ಷಗಟ್ಟಲೆ ಜನ ಕೈಯೆತ್ತಿ ಅಕ್ಷತೆ ಹಾಕುತ್ತಾರೆ. ಆ ಜನಸಂದಣಿಯಲ್ಲಿ ನೀನು ಮುತ್ತೈದೆಯೋ ಅಲ್ಲವೋ ಎಂದು ಕೇಳುವವರಿಲ್ಲ. ಸಿದ್ಧರಾಮರ ಲಗ್ನಕ್ಕೆ ಸಲ್ಲುವ ಅಕ್ಷತೆ ಹೆತ್ತ ಮಗನ ಲಗ್ನಕ್ಕೆ ಸಲ್ಲದೆಂದರೆ ಯಾರು ಒಪ್ಪುತ್ತಾರೆ?

ಇದನ್ನು ಪ್ರಸ್ತಾಪಿಸಿದಾಗ ಸಾಮಾನ್ಯವಾಗಿ ಬರುವ ಮಾತು, ಅವರಿಗೇ ಬೇಡವಾಗಿದೆ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ ಎಂಬುದು. ಇದರಲ್ಲಿ ಸ್ವಲ್ಪ ನಿಜವಿದೆ. ಆದರೆ ಬೇಡವೆನ್ನುವುದು ಹೂವಿನ ಮೇಲಿನ ವೈರಾಗ್ಯದಿಂದಲೋ, ನಾಲ್ಕು ಜನ ಏನೆಂದಾರೆಂಬ ಅಂಜಿಕೆಯಿಂದಲೋ ಕೇಳಿ ನೋಡಬೇಕು. ಆ ನಾಲ್ಕು ಜನ ನಾವೇ ಅಲ್ಲವೇ? ಹಾಗೆಂದು ಒತ್ತಾಯದಿಂದ ಮುಡಿಸುವುದೂ ಸಲ್ಲ. ದುಃಖ ಇನ್ನೂ ಹಸಿಯಾಗಿರುವವರ ಮುಂದೆ ಸುಧಾರಣೆಯ ಉಪದೇಶ ಮಾಡುವುದು ದಯೆಯಲ್ಲ. ಮುಡಿಯುವುದು, ಕಣ್ಣಿಗೆ ಒತ್ತಿಕೊಂಡು ಕೈಯಲ್ಲಿ ಇಟ್ಟುಕೊಳ್ಳುವುದು, ಲಿಂಗಕ್ಕೆ ಏರಿಸುವುದು ಅವರ ಇಚ್ಛೆ. ತಟ್ಟೆ ಅವರ ಮುಂದೆ ನಿಲ್ಲಬೇಕು ಎಂಬುದಷ್ಟೇ ನಮ್ಮ ಮಾತು.

ಶ್ರೀಮಠದಲ್ಲಿ ಪೂಜ್ಯರ ಅಪ್ಪಣೆಯಂತೆ ನಡೆಯುತ್ತಿರುವ ಕ್ರಮವನ್ನು ಊರುಗಳಲ್ಲಿಯೂ ಅನುಸರಿಸಬಹುದು. ಪೂಜೆಯ ನಂತರ ಹೂವಿನ ತಟ್ಟೆಯನ್ನು ಸಾಲಿನ ತುದಿಯಿಂದ ಹಿಡಿದು ನಡುವೆ ಯಾರನ್ನೂ ಬಿಡದೆ ಇನ್ನೊಂದು ತುದಿಯವರೆಗೆ ಒಯ್ಯಬೇಕು. ತಟ್ಟೆ ಹಿಡಿಯುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿರಬೇಕು, ಇಲ್ಲವಾದರೆ ಮನೆಯಲ್ಲಿ ಕಂಡದ್ದನ್ನೇ ಮಾಡುತ್ತಾರೆ. ಕುಂಕುಮ ಬೇಡವೆನ್ನುವವರಿಗೆ ವಿಭೂತಿಯ ಬಟ್ಟಲು ಅದೇ ತಟ್ಟೆಯಲ್ಲಿ ಇರಲಿ. ಲಗ್ನದ ಮನೆಯಲ್ಲಿ ಮೊದಲ ಹೂವನ್ನು ಮನೆಯ ಹಿರಿಯಳಿಗೆ ಕೊಡಿಸಿರಿ, ಆಕೆ ಯಾರೇ ಆಗಿರಲಿ. ಮೊದಲನೆಯದನ್ನು ಅಜ್ಜಿ ತೆಗೆದುಕೊಂಡರೆ ಉಳಿದ ಹೆಣ್ಣುಮಕ್ಕಳ ಸಂಕೋಚ ಅರ್ಧ ಕಡಿಮೆಯಾಗುತ್ತದೆ. ಅಕ್ಷತೆಯ ಹೊತ್ತಿಗೆ ಮದುಮಕ್ಕಳ ತಾಯಿ-ತಂದೆಯರಲ್ಲಿ ಇದ್ದವರು ಹಂದರದ ಮುಂದೆಯೇ ಇರಬೇಕು. ಲಗ್ನ ನಡೆಸಿಕೊಡುವ ಅಯ್ಯನವರಿಗೆ ಈ ವಿಷಯ ಮೊದಲೇ ತಿಳಿಸಿ. ಅನುಮಾನ ಬಂದಲ್ಲಿ ಶ್ರೀಮಠದ ಕಾರ್ಯಾಲಯಕ್ಕೆ ತಿಳಿಸಿದರೆ ಪೂಜ್ಯರ ಅಪ್ಪಣೆಯ ಪತ್ರ ಕಳುಹಿಸಿಕೊಡಲಾಗುವುದು.

ಏರಿಸಿ ತೆಗೆದ ಹೂವು-ಪತ್ರಿಯನ್ನು ಭೀಮಾ, ಬೋರಿ ನದಿಗಳಿಗೆ ಚೀಲದ ಸಮೇತ ಎಸೆಯದೆ ಹೊಲದ ತಿಪ್ಪೆಗೆ ಹಾಕಿರಿ, ಒಂದು ಮಳೆಗಾಲದಲ್ಲಿ ಗೊಬ್ಬರವಾಗುತ್ತದೆ. ಹಾರ ಕಟ್ಟಿಸುವಾಗ ಹತ್ತಿಯ ನೂಲಿನಲ್ಲಿಯೇ ಕಟ್ಟಲು ಹೂಗಾರರಿಗೆ ಹೇಳಿರಿ.

ಧೂಪ ಮತ್ತು ದೀಪ ಮುಂದಿನ ಸಂಚಿಕೆಯಲ್ಲಿ.